ಉಗ್ರಾಣದ ಪುಸ್ತಕದಲ್ಲಿ ಟೀಚರಮ್ಮ

ನಲವತ್ತೊಂದನೆಯ ಪುಟದ ನಂತರ ಆ ಪುಸ್ತಕದಲ್ಲಿ ವೀಳ್ಯದೆಲೆ ಇರಲಿಲ್ಲ. ಅಲ್ಲಿಯವರೆಗೆ ಪ್ರತಿ ಶನಿವಾರದ ಪಟ್ಟಿಯಲ್ಲೂ ಅದು ಒಂದೇ ಜಾಗದಲ್ಲಿ, ಕಾಫಿಪುಡಿಯ ಕೆಳಗೆ, ಉಪ್ಪಿನ ಮೇಲೆ ಬರುತ್ತಿತ್ತು: ವೀಳ್ಯದೆಲೆ, ಅರ್ಧ ಕಟ್ಟು. ನಲವತ್ತೆರಡನೆಯ ಪುಟದಲ್ಲಿ ಕಾಫಿಪುಡಿ ಆದ ಕೂಡಲೇ ಉಪ್ಪು. ಯಾರೂ ಹೊಡೆದು ಹಾಕಿರಲಿಲ್ಲ, ಅಳಿಸಿರಲಿಲ್ಲ. ಬರೆಯುವುದನ್ನು ನಿಲ್ಲಿಸಿದ್ದರು, ಅಷ್ಟೆ.

ಅದು ತಿರುಮಕೂಡಲು ನರಸೀಪುರದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಉಗ್ರಾಣದ ಪುಸ್ತಕ. ನಾನು ಅಲ್ಲಿ ಉಗ್ರಾಣ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಸೇರಿದ್ದು ನನ್ನ ಹೆಸರಿನಲ್ಲಲ್ಲ. ಕೆಲಸ ಸಿಕ್ಕಿದ್ದು ಮೈಸೂರಿನಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಗೆಳತಿಗೆ. ಫೋನಿನಲ್ಲೇ ಮಾತಾಡಿ, ಒಂದನೇ ತಾರೀಖು ಬನ್ನಿ ಎಂದಿದ್ದರು. ಅದೇ ವಾರ ಅವಳ ಅಮ್ಮನಿಗೆ ಗರ್ಭಕೋಶದ ಆಪರೇಷನ್ ಆಯಿತು. ಎರಡು ತಿಂಗಳು ಮನೆ ಬಿಡುವಂತಿರಲಿಲ್ಲ, ಕೆಲಸವನ್ನೂ ಬಿಡುವಂತಿರಲಿಲ್ಲ. ನೀನು ಬರುವವರೆಗೆ ನಿನ್ನ ಹೆಸರಿನಲ್ಲಿ ನಾನು ಹೋಗಿರುತ್ತೇನೆ ಎಂದು ನಾನೇ ಮುಂದಾಗಿ ಹೇಳಿದೆ. ಅವಳು ಅದನ್ನು ನನ್ನ ದೊಡ್ಡ ಗುಣ ಎಂದುಕೊಂಡಳು. ಆ ಗೇಟಿನೊಳಗೆ ಹೋಗಲು ನನಗೆ ಬೇರೆ ದಾರಿ ಉಳಿದಿರಲಿಲ್ಲ ಎಂಬುದನ್ನು ಅವಳಿಗೆ ಹೇಳಲಿಲ್ಲ.

ಹತ್ತು ವರ್ಷದವಳಿದ್ದಾಗ ನನ್ನನ್ನು ಹೆಮ್ಮರಗಾಲದಿಂದ ಕರೆತಂದು ಅಲ್ಲಿ ಬಿಟ್ಟಿದ್ದು ನನ್ನ ಅವ್ವ. ಕೂಲಿಗೆ ಹೋಗುವ ಅವಳಿಗೆ ಓದು ಬರಹ ಇರಲಿಲ್ಲ. ನಮ್ಮ ಮನೆಯ ಗೋಡೆಯ ಮೇಲೆ ಒಂದು ಬುದ್ಧನ ಚಿತ್ರ, ಅದರ ಕೆಳಗೆ ನನ್ನ ನಾಲ್ಕನೇ ತರಗತಿಯ ಅಂಕಪಟ್ಟಿ, ಎರಡೂ ಒಂದೇ ಮೊಳೆಗೆ. ಹಾಸ್ಟೆಲು ನಡೆಸುತ್ತಿದ್ದವರು ನಿವೃತ್ತ ಮೇಷ್ಟರೊಬ್ಬರು, ಹೆಂಗಸು, ಊರಿಗೆಲ್ಲ ಟೀಚರಮ್ಮ. ನಂಜನಗೂಡಿನ ಜಮೀನಿದ್ದ ಮನೆತನದವರು. ಮದುವೆಯಾಗಿರಲಿಲ್ಲ. ತಮ್ಮ ಪಾಲಿಗೆ ಬಂದದ್ದರಲ್ಲಿ ಈ ಕಟ್ಟಡ ಕಟ್ಟಿಸಿ, ಹಳ್ಳಿಯ ಹೆಣ್ಣುಮಕ್ಕಳನ್ನು ತಂದಿಟ್ಟುಕೊಂಡು ಓದಿಸುತ್ತಿದ್ದರು. ಅವರ ನಿಯಮಗಳಿಗೆ ವಿನಾಯಿತಿ ಇರಲಿಲ್ಲ. ಊಟಕ್ಕೆ ಒಂದೇ ಸಾಲು. ಯಾರ ಪಕ್ಕ ಯಾರು ಎನ್ನುವುದು ದಿನವೂ ಬದಲಾಗುತ್ತಿತ್ತು. ಅಡುಗೆಮನೆಗೆ ಸರದಿಯ ಮೇಲೆ ಎಲ್ಲರೂ ಹೋಗಬೇಕು, ಯಾವ ಬೀದಿಯ ಮಗುವಾದರೂ. ನನ್ನ ಕೈಯ ಮುದ್ದೆ ತಿನ್ನಲಾರೆ ಎಂದ ಹುಡುಗಿಯ ಅಪ್ಪನಿಗೆ, ಸಂಜೆ ಬಸ್ಸು ಐದಕ್ಕಿದೆ ಎಂದಷ್ಟೇ ಅವರು ಹೇಳಿದ್ದು ನನಗೆ ನೆನಪಿದೆ. ಆತ ಮಗಳನ್ನು ಬಿಟ್ಟೇ ಹೋದ.

ಅವರ ಜೊತೆ ಎಂಟು ವರ್ಷ ಇದ್ದೆ. ನನಗೆ ಲೆಕ್ಕ ಚೆನ್ನಾಗಿ ಬರುತ್ತದೆ ಎಂದು ಮೊದಲು ಕಂಡುಹಿಡಿದವರು ಅವರು. ಒಂಬತ್ತನೇ ತರಗತಿಯಿಂದ ಉಗ್ರಾಣದ ಬೀಗದ ಕೈ ನನ್ನ ಸೊಂಟದಲ್ಲಿತ್ತು. ಪಿಯುಸಿ ಮುಗಿದ ಮೇಲೆ ನಾನು ಟೀಚರ್ ಟ್ರೈನಿಂಗ್ ಮಾಡಿ ಅಲ್ಲೇ ಇರಬೇಕೆಂದು ಅವರು ತೀರ್ಮಾನಿಸಿದ್ದರು. ನನಗೆ ಮೈಸೂರಿಗೆ ಹೋಗಿ ಬಿ.ಎಸ್ಸಿ. ಓದಬೇಕಿತ್ತು. ಅವರ ಎದುರು ನಿಂತು ಅದನ್ನು ಹೇಳುವ ಧೈರ್ಯ ಬರಲಿಲ್ಲ. ಕಾಲೇಜಿನ ಅರ್ಜಿಯಲ್ಲಿ ಪೋಷಕರ ಸಹಿ ಎಂದಿದ್ದ ಕಡೆ ಅವರ ಸಹಿಯನ್ನು ನಾನೇ ಹಾಕಿದೆ. ಹಳೆಯ ಕಾಗದದ ಹಿಂಬದಿಯಲ್ಲಿ ನಾಲ್ಕು ದಿನ ಅಭ್ಯಾಸ ಮಾಡಿದ್ದೆ. ಸೀಟು ಸಿಕ್ಕಿದ ಕಾಗದ ಅವರ ವಿಳಾಸಕ್ಕೇ ಬಂತು. ಅವರು ಬೈಯಲಿಲ್ಲ. ಕಾಗದವನ್ನು ಎರಡು ಸಲ ಓದಿ, ಮಡಿಸಿ, ನನ್ನ ಕೈಗೆ ಕೊಟ್ಟರು.

“ನನ್ನ ಹೆಸರು ನೀನೇ ಬರೆಯೋ ಹಾಗಾದ ಮೇಲೆ ನಾನು ಯಾಕೆ ಬೇಕು. ಹೋಗು. ಈ ಗೇಟು ಮತ್ತೆ ದಾಟಬೇಡ.”

ಮಾರನೇ ದಿನ ಎಲ್ಲರೂ ಶಾಲೆಗೆ ಹೋದ ಹೊತ್ತಿನಲ್ಲಿ, ಬೀಗದ ಕೈಯನ್ನು ಉಗ್ರಾಣದ ಮೊಳೆಗೆ ನೇತುಹಾಕಿ, ಯಾರಿಗೂ ಹೇಳದೆ ಹೊರಟೆ. ಆಮೇಲೆ ಬಿ.ಎಸ್ಸಿ. ಆಯಿತು, ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಆಯಿತು. ಎರಡೂ ಸಲ ಅಂಕಪಟ್ಟಿ ಹಿಡಿದುಕೊಂಡು ಹೋಗಿ ಗೇಟಿನ ಹತ್ತಿರ ನಿಂತಿದ್ದೆ, ಇನ್ನೊಂದು ಸಲ ಬರಿಗೈಯಲ್ಲಿ. ಮೂರು ಸಲವೂ ಒಳಗಿನಿಂದ ಬಂದ ಮಾತು ಒಂದೇ: ಟೀಚರಮ್ಮ ಹಳೆಯ ಹುಡುಗಿಯರನ್ನು ನೋಡುವುದಿಲ್ಲ. ನನಗೆ ಬೇಕಾಗಿದ್ದು ಹೆಚ್ಚೇನಲ್ಲ. ಒಮ್ಮೆ ಅವರು ನನ್ನ ಮುಖ ನೋಡಬೇಕಿತ್ತು, ಗುರುತು ಹಿಡಿಯಬೇಕಿತ್ತು, ಆ ಮಾತನ್ನು ವಾಪಸು ತೆಗೆದುಕೊಳ್ಳಬೇಕಿತ್ತು. ತೆಗೆದುಕೊಳ್ಳದೆ ಮತ್ತೆ ಬೈದಿದ್ದರೂ ಆಗುತ್ತಿತ್ತು.

ಗೆಳತಿಯ ಹೆಸರಿನಲ್ಲಿ ಒಳಗೆ ಹೋದಾಗ ನನ್ನನ್ನು ಗುರುತಿಸುವವರು ಯಾರೂ ಇರಲಿಲ್ಲ. ನನ್ನ ಕಾಲದ ಕೆಲಸದವರೆಲ್ಲ, ನನ್ನನ್ನು ತಿರುಗಿ ಕಳಿಸಿದ ಗೇಟಿನವನೂ ಸೇರಿ, ಬಿಟ್ಟುಹೋಗಿದ್ದರು. ಟೀಚರಮ್ಮನೂ ಇರಲಿಲ್ಲ. ಅವರು ಮೂರು ವರ್ಷದಿಂದ ನಂಜನಗೂಡಿನ ತಮ್ಮ ಮನೆಯಲ್ಲೇ ಇದ್ದು, ಅಲ್ಲಿಂದಲೇ ಎಲ್ಲ ನಡೆಸುತ್ತಾರೆ ಎಂದರು. ಇಲ್ಲಿ ಅವರ ಪರವಾಗಿ ಇದ್ದವರು ಅವರ ತಮ್ಮನ ಮಗ. ನಲವತ್ತೈದರ ಆಸುಪಾಸು, ಮೊದಲು ನಂಜನಗೂಡಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದವರು. ಎಲ್ಲರೂ ಮ್ಯಾನೇಜರ್ ಸಾರ್ ಎನ್ನುತ್ತಿದ್ದರು. ನಗುವವರಲ್ಲ. ಸೋಮವಾರ ಬೆಳಿಗ್ಗೆ ಮೂವತ್ತೊಂದು ಹುಡುಗಿಯರನ್ನೂ ಅಂಗಳದಲ್ಲಿ ನಿಲ್ಲಿಸಿ, ಜೇಬಿನಿಂದ ಒಂದು ಚೀಟಿ ತೆಗೆದು, “ಟೀಚರಮ್ಮನವರ ಅಪ್ಪಣೆ” ಎಂದು ಶುರು ಮಾಡುತ್ತಿದ್ದರು. ಈ ವಾರ ಅಡುಗೆಮನೆಯ ಸರದಿ ಯಾರದು, ಊಟದ ಸಾಲು ಹೇಗೆ, ಯಾರು ಶಾಲೆಗೆ ತಡವಾಗಿ ಹೋದದ್ದು ಟೀಚರಮ್ಮನಿಗೆ ಗೊತ್ತಾಗಿದೆ. ಹುಡುಗಿಯರು ಆ ಕೊನೆಯದಕ್ಕೆ ನಿಜವಾಗಿಯೂ ಹೆದರುತ್ತಿದ್ದರು. ಅವರಲ್ಲಿ ಹೆಚ್ಚಿನವರು ಟೀಚರಮ್ಮನನ್ನು ಕಂಡೇ ಇರಲಿಲ್ಲ.

ಚೀಟಿಗಳು ಕಂಪ್ಯೂಟರಿನಲ್ಲಿ ಅಚ್ಚಾದವು, ಕೆಳಗೆ ರಬ್ಬರ್ ಸ್ಟಾಂಪು. ಸಹಿ ಇರಲಿಲ್ಲ. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ಟೀಚರಮ್ಮನ ಸಹಿಯ ವಿಷಯದಲ್ಲಿ ಪ್ರಶ್ನೆ ಕೇಳುವ ಯೋಗ್ಯತೆ ನನಗಿರಲಿಲ್ಲ.

ಉಗ್ರಾಣ ಮಾತ್ರ ನಾನು ಬಿಟ್ಟುಹೋದ ಹಾಗೇ ಇತ್ತು. ಅದೇ ಹಿತ್ತಾಳೆಯ ಸೇರು, ಪಾವು. ಟೀಚರಮ್ಮ ಅಲ್ಲಿ ಒಂದು ಕ್ರಮ ಮಾಡಿದ್ದರು. ಪಾವನ್ನು ತುಂಬಿ, ಮೇಲೆ ಗುಪ್ಪೆಯಾಗಿ ನಿಂತದ್ದನ್ನು ಅಂಗೈ ಅಂಚಿನಿಂದ ಸವರಿ ಸಮ ಮಾಡಬೇಕು. ಅಳೆದು ಮುಗಿದ ಮೇಲೆ ಒಂದು ಚಿಟಿಕೆ ತೆಗೆದು ಮತ್ತೆ ಮೂಟೆಗೆ ಹಾಕಬೇಕು, ಮೂಟೆ ಪೂರ್ತಿ ಬರಿದಾಯಿತು ಎನ್ನಿಸಬಾರದು. ಪುಸ್ತಕದಲ್ಲಿ ಮೊದಲು ಬರೆಯಬೇಕು, ಆಮೇಲೆ ಅಳೆಯಬೇಕು. ಬರೆಯುವಾಗ ಪದಾರ್ಥ, ಅಳತೆ ಮಾತ್ರ ಸಾಲದು, ಯಾರ ಬಾಯಿಗೆ ಎಂದೂ ಬರೆಯಬೇಕು. ಜ್ವರ ಬಂದ ಹುಡುಗಿಗೆ ಅರ್ಧ ಪಾವು ಅಕ್ಕಿ ಕೊಟ್ಟರೂ ಅವಳ ಹೆಸರು ಬರೆಯಬೇಕು. ಉಗ್ರಾಣದ ಪುಸ್ತಕದಲ್ಲಿ ಸುಳ್ಳು ಬರೆದರೆ ಅನ್ನದಲ್ಲಿ ಕಲ್ಲು ಹಾಕಿದ ಹಾಗೆ ಎಂದು ಅವರು ಎಷ್ಟು ಸಲ ಹೇಳಿದ್ದರೋ.

ಎರಡನೇ ದಿನವೇ ನಾನು ಸಿಕ್ಕಿಬಿದ್ದೆ. ಅಡುಗೆ ಮಾಡುತ್ತಿದ್ದ ಅಕ್ಕ ಸೋಸಲೆ ಊರಿನವರು, ಆರು ವರ್ಷದಿಂದ ಅಲ್ಲಿದ್ದರು, ಟೀಚರಮ್ಮನಿಂದಲೇ ಕೆಲಸ ಕಲಿತವರು. ನಾನು ಅಕ್ಕಿ ಅಳೆದು ಕೊಡುವುದನ್ನು ಮೊರ ಹಿಡಿದು ನೋಡುತ್ತಿದ್ದರು.

“ಮೂಟೆಗೆ ಚಿಟಿಕೆ ಆಕೋದ್ನ ಯಾರ್ ಏಳ್ಕೊಟ್ರು ನಿಮ್ಗೆ?”

ಕೈ ತಾನಾಗಿ ಮಾಡಿತ್ತು. ನಮ್ಮ ಅವ್ವ ಎಂದೆ.

“ಅಂಗಾದ್ರೆ ನಿಮ್ಮವ್ವನೂ ಈ ಮನೇಲೇ ಕಲ್ತಿರ್ಬೇಕು ಬುಡಿ,” ಎಂದು ನಕ್ಕು ಮೊರ ಎತ್ತಿಕೊಂಡು ಹೋದರು. ಆ ದಿನದಿಂದ ಅವರು ನನ್ನನ್ನು ಮೇಡಂ ಎನ್ನುವುದನ್ನು ಬಿಟ್ಟು ಏನವ್ವ ಎಂದು ಕರೆಯತೊಡಗಿದರು. ಹೆಸರು ಹಿಡಿದು ಒಂದು ಸಲವೂ ಕರೆಯಲಿಲ್ಲ.

ಪುಸ್ತಕದ ಕೊನೆಯ ಭಾಗ ಬೇರೆಯೇ, ಪುಟದ ಸಂಖ್ಯೆಯೂ ಅಲ್ಲಿ ಹೊಸದಾಗಿ ಒಂದರಿಂದ. ಅಲ್ಲಿ ಮೇಲೆ “ನಂಜನಗೂಡು ಮನೆ” ಎಂದು ಬರೆದಿತ್ತು. ಪ್ರತಿ ಶನಿವಾರ ಮಧ್ಯಾಹ್ನ ಒಂದು ಗೂಡ್ಸ್ ಆಟೋದಲ್ಲಿ ಟೀಚರಮ್ಮನ ಮನೆಗೆ ಸಾಮಾನು ಹೋಗುತ್ತಿತ್ತು. ಆ ಪಟ್ಟಿಯನ್ನು ಮ್ಯಾನೇಜರ್ ತಾವೇ ಬರೆಯುತ್ತಿದ್ದರು, ಉದ್ದ ಕೊಂಬಿನ ಎಚ್ಚರಿಕೆಯ ಅಕ್ಷರದಲ್ಲಿ. ನಾನು ಅದನ್ನು ಮೊದಲು ಓದಿದ್ದು ಅನುಮಾನದಿಂದಲ್ಲ. ಅವರು ಈ ವಾರ ಏನು ತಿಂದರು ಎಂದು ತಿಳಿಯುವ ಆಸೆ. ಎಂಟು ವರ್ಷ ದೂರವಿದ್ದವರ ಬಗ್ಗೆ ಸಿಕ್ಕಿದ ಸುದ್ದಿ ಅದೊಂದೇ. ಕಾಫಿಪುಡಿ ಕಾಲು ಕೇಜಿ ಎಂದು ಓದಿದರೆ, ಬೆಳಿಗ್ಗೆ ಐದಕ್ಕೆ ಅವರು ಲೋಟ ಹಿಡಿದು ಜಗಲಿಯಲ್ಲಿ ನಿಲ್ಲುತ್ತಿದ್ದದ್ದು ಕಾಣುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಎರಡೇ ಎರಡು ಎಲೆ, ಅಂಗೈಯಲ್ಲಿ ಒರೆಸಿ, ತೊಟ್ಟು ಮುರಿದು. ಹುಡುಗಿಯರು ಯಾರೂ ಎದ್ದು ಹೋಗದೆ ಕಾಯುತ್ತಿದ್ದೆವು, ಅವರು ಮಾತಾಡುತ್ತಿದ್ದದ್ದು ಆಗ ಮಾತ್ರ.

ಹಾಗೆ ಓದುತ್ತ ವೀಳ್ಯದೆಲೆ ನಿಂತ ಪುಟಕ್ಕೆ ಬಂದೆ. ಅಲ್ಲಿಂದ ಮುಂದೆ ಓದು ನಿಧಾನವಾಯಿತು. ಏಳು ಪುಟದ ನಂತರ ಹುರಿಗಡಲೆ ನಿಂತಿತು. ಹಲ್ಲು ಹೋಗಿರಬೇಕು, ವಯಸ್ಸಾಯಿತು ಎಂದುಕೊಂಡೆ. ಅಕ್ಕಿಯ ಜಾಗದಲ್ಲಿ ನುಚ್ಚು ಬಂತು. ನುಚ್ಚು ಎಂದರೆ ಗಂಜಿ. ಗಂಜಿಯ ವಾಸನೆಯೇ ಅವರಿಗೆ ಆಗುತ್ತಿರಲಿಲ್ಲ. ನಮಗೆ ಜ್ವರ ಬಂದರೆ ತಾವೇ ಕಲಸಿ ಕುಡಿಸುತ್ತಿದ್ದರು, ಮುಖ ಆ ಕಡೆ ತಿರುಗಿಸಿಕೊಂಡು. ಮತ್ತೆ ಮೂರು ಪುಟಕ್ಕೆ ಕಾಫಿಪುಡಿಯೂ ಹೋಯಿತು. ಕಾಗದ, ಪೆನ್ನು, ಅಂಚೆಚೀಟಿ ಎಂದಿದ್ದದ್ದು ನಿಂತು, ನಾಲ್ಕು ಗೆರೆಯ ಕಾಪಿ ಪುಸ್ತಕ ಎಂದು ಬಂತು, ತಿಂಗಳಿಗೆ ಎರಡು. ಮಕ್ಕಳ ಸೋಪು. ರಬ್ಬರ್ ಶೀಟು, ಒಂದು. ಒಂದು ಶನಿವಾರ ತಿನ್ನುವ ಸಾಮಾನಿನ ಮಧ್ಯೆ ಹೀಗೆ ಬರೆದಿತ್ತು: ಚಿಲಕ, ಬಾಗಿಲ ಹೊರಗಡೆಗೆ, ಒಂದು. ಅದರ ಮುಂದಿನ ಪುಟದಲ್ಲಿ: ಡೈಪರ್, ದೊಡ್ಡವರದು, ಒಂದು ಪ್ಯಾಕು.

ಎಲ್ಲದರ ಎದುರೂ, ಯಾರ ಬಾಯಿಗೆ ಎಂಬ ಕಡೆ, ಬಾಯಿಗೆ ಸೇರದ ಚಿಲಕದ ಎದುರೂ ಕೂಡ, ಅದೇ ಒಂದು ಪದ: ಅತ್ತೆ.

ನಾನು ಓದಿದ ಶಾಸ್ತ್ರದಲ್ಲಿ ಒಂದು ಅಂಶದ ಮೇಲೆ ತೀರ್ಮಾನಕ್ಕೆ ಬರಬಾರದು ಎಂದು ಕಲಿಸುತ್ತಾರೆ. ನನಗೆ ಇನ್ನಷ್ಟು ಅಂಶಗಳು ಬೇಕಾಗಿರಲಿಲ್ಲ. ಆ ಸಾಮಾನು ಬೇರೆ ಯಾರಿಗೋ ಇರಲಿ, ಮನೆಯಲ್ಲಿ ಇನ್ನೊಬ್ಬ ಮುದುಕಿ ಇರಲಿ ಎಂದು ಆಸೆಪಟ್ಟು ಮತ್ತೆ ಮೊದಲಿಂದ ಓದಿದೆ. ಅಕ್ಕಿ ಒಬ್ಬರಿಗಾಗುವಷ್ಟು, ನುಚ್ಚೂ ಒಬ್ಬರಿಗಾಗುವಷ್ಟು. ಒಂದು ನಿಂತ ಮೇಲೆ ಇನ್ನೊಂದು ಶುರುವಾಗಿದೆ. ಇದ್ದವರು ಒಬ್ಬರೇ. ಸೋಮವಾರದ ಚೀಟಿಗಳನ್ನು ಹೇಳಿ ಬರೆಸುವವರು ಯಾರೂ ಇಲ್ಲ. ಈ ಹಾಸ್ಟೆಲು ಆಳುತ್ತಿರುವುದು ಒಂದು ಸ್ಟಾಂಪು.

ಅಡುಗೆಯ ಅಕ್ಕನನ್ನು ಕೇಳಿದೆ, ಟೀಚರಮ್ಮ ಈಗ ಗಂಜಿ ಕುಡಿಯುತ್ತಾರಾ ಎಂದು. ಅವರು ಒಲೆ ಕಡೆ ನೋಡುತ್ತಲೇ ಹೇಳಿದರು:

“ಕೊಡು ಅಂದದ್ದ ಕೊಡೋದಷ್ಟೇ ಕಣವ್ವ ನಾನು. ಯಾರ್ ಬಾಯ್ಗೆ ಓಯ್ತದೆ ಅಂತ ಪುಸ್ತಕ್ದಲ್ಲೇ ಬರ್ದವ್ರಲ್ಲ. ನೀನು ಓದಿರೋಳು. ಓದ್ಕೊ.”

ಆಮೇಲೆ ಐದು ವಾರ ನಾನು ಏನೂ ಮಾಡಲಿಲ್ಲ. ಇದನ್ನು ಬರೆಯುವಾಗ ನನಗೇ ಕಷ್ಟವಾಗುತ್ತದೆ. ಅಕ್ಕಿ ಅಳೆದೆ, ಬರೆದೆ, ಸೋಮವಾರ ಅಂಗಳದ ಮೂಲೆಯಲ್ಲಿ ನಿಂತು ಇಲ್ಲದ ಅಪ್ಪಣೆ ಕೇಳಿಸಿಕೊಂಡೆ. ಶನಿವಾರ ಗೂಡ್ಸ್ ಆಟೋ ಗೇಟು ದಾಟುವಾಗ ಉಗ್ರಾಣದ ಕಿಟಕಿಯಲ್ಲಿ ನಿಲ್ಲುತ್ತಿದ್ದೆ. ಮೂವತ್ತು ಕಿಲೋಮೀಟರೂ ಇಲ್ಲದ ದಾರಿ. ಬಸ್ಸು ಹತ್ತಿದ್ದರೆ ಅದೇ ದಿನ ಹೋಗಿ ಬರಬಹುದಿತ್ತು. ಹೋಗಿ, ಅವರಿಗೆ ನನ್ನ ಗುರುತು ಸಿಗದಿದ್ದರೆ? ಹೋಗದೆ ಇದ್ದಷ್ಟು ದಿನ, ಅವರು ಎಲ್ಲೋ ಕೂತು ನನ್ನ ಮೇಲೆ ಸಿಟ್ಟಾಗಿದ್ದಾರೆ ಎಂದು ನಂಬಬಹುದಿತ್ತು. ಆ ಸಿಟ್ಟಿನೊಳಗೆ ನಾನು ಇದ್ದೆ.

ಏಳನೆಯ ವಾರದ ಶನಿವಾರ ಮ್ಯಾನೇಜರ್ ಉಗ್ರಾಣಕ್ಕೆ ಬಂದು ಪಟ್ಟಿ ಬರೆಯುತ್ತಿದ್ದಾಗ ಅವರಿಗೊಂದು ಫೋನು ಬಂತು. ನಂಜನಗೂಡಿನ ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ಹೆಂಗಸಿನದು ಎಂದು ಮಾತಿನಲ್ಲಿ ತಿಳಿಯಿತು. ತಂಗಿಯ ಮಗಳ ಸೀಮಂತ, ಅವಳು ಇವತ್ತು ಹೋಗಿ ನಾಳೆ ಮಧ್ಯಾಹ್ನ ಬರುತ್ತಾಳೆ. ಹೋಗಬೇಡ ಎಂದು ಇವರು ಕೇಳಿಕೊಂಡರು, ಆಮೇಲೆ ಬೈದರು. ಫೋನು ಇಟ್ಟು, ಪಟ್ಟಿಗೆ ಮತ್ತೆ ಪೆನ್ನು ಎತ್ತಿಕೊಂಡರು. ಅವರ ಹೆಂಡತಿ ತವರಿನಲ್ಲಿದ್ದರು.

“ನಾನು ಹೋಗಿ ಇರ್ತೀನಿ ಸಾರ್,” ಎಂದೆ.

“ಎಲ್ಲಿಗೆ?”

“ನಂಜನಗೂಡಿನ ಮನೆಗೆ. ಡೈಪರ್ ಬದಲಿಸೋಕೆ ಬರುತ್ತೆ ನನಗೆ.”

ಅವರು ನನ್ನನ್ನು ನೋಡಿ, ಬಾಗಿಲನ್ನು ನೋಡಿದರು. ಯಾರು ಹೇಳಿದರು ಎಂದು ಕೇಳಿದರು. ನೀವೇ ಬರೆದಿದ್ದೀರಿ ಎಂದು ಪುಸ್ತಕವನ್ನು ಅವರ ಕಡೆ ತಿರುಗಿಸಿದೆ. ತಮ್ಮ ಅಕ್ಷರವನ್ನು ತಾವೇ ಬಹಳ ಹೊತ್ತು ಓದಿದರು.

“ಹತ್ತಿ ಅಂತ ಬರೀಬೋದಿತ್ತು. ಬಟ್ಟೆ ಅಂತ ಬರೀಬೋದಿತ್ತು,” ಎಂದರು. “ಅತ್ತೆ ಪುಸ್ತಕ ಕಣಮ್ಮ ಇದು. ಕೈ ಬರ್ಲಿಲ್ಲ.”

ಊರಿಗೆಲ್ಲ ಸುಳ್ಳು ಹೇಳಿದ ಮನುಷ್ಯ ಈ ಒಂದು ಪುಸ್ತಕಕ್ಕೆ ಹೇಳಲಾರದೆ ಹೋಗಿದ್ದರು. ಆಮೇಲೆ ಅವರೇ ಎಲ್ಲ ಹೇಳಿದರು. ಅತ್ತೆಗೆ ಮೊದಲು ಹೆಸರುಗಳು ಮರೆತುಹೋದವು, ಆಮೇಲೆ ದಿನಗಳು. ಒಂದು ಮಧ್ಯಾಹ್ನ ಹುಡುಗಿಯರನ್ನು ಹುಡುಕಿಕೊಂಡು ಹೊಳೆಯ ಮೆಟ್ಟಿಲಿನವರೆಗೆ ಹೋಗಿಬಿಟ್ಟಿದ್ದರು, ಆಗ ಚಿಲಕ ಹಾಕಿಸಿದ್ದು. ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ.

“ಅವ್ರ ಹೆಸ್ರಿಲ್ದೆ ಈ ಮನೆ ಒಂದ್ ತಿಂಗ್ಳು ನಡೆಯಲ್ಲ. ನಾನು ಗೊಬ್ಬರ ಮಾರ್ತಿದ್ದೋನು, ನನ್ ಮಾತು ಯಾರ್ ಕೇಳ್ತಾರೆ? ಯಾರ ಮಗು ಪಕ್ಕ ಯಾರ ಮಗು ಕೂರ್ಬೇಕು ಅಂತ ನಾನ್ ಹೇಳಿದ್ರೆ ನಾಳೆ ಬೆಳಿಗ್ಗೆ ಅರ್ಧ ಹುಡುಗೀರು ಅವರವ್ರ ಊರಲ್ಲಿರ್ತಾರೆ. ಅತ್ತೆ ಹೇಳವ್ರೆ ಅಂದ್ರೆ ಇವತ್ಗೂ ಯಾರೂ ತುಟಿ ಬಿಚ್ಚಲ್ಲ.”

ಅದು ನಿಜವೆಂದು ನನಗೆ ಗೊತ್ತಿತ್ತು. ನನಗೆ ಕೇಳಬೇಕಾಗಿದ್ದದ್ದು ಬೇರೆ.

“ಹಳೇ ಹುಡುಗೀರು ಬಂದ್ರೆ ಬಿಡಬೇಡಿ ಅಂದದ್ದು ಅವರಾ?”

“ಅಲ್ಲ. ನಾನು. ಒಬ್ರು ನೋಡಿದ್ರೂ ಊರೆಲ್ಲ ಗೊತ್ತಾಗೋದು.”

ಎಷ್ಟು ವರ್ಷದಿಂದ ಎಂದೆ. ಮೂರು ಎಂದರು. ನಾನು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ನಾನು ಗೇಟಿಗೆ ಬಂದದ್ದು ಐದು ವರ್ಷದ ಹಿಂದೆ, ಎರಡು ವರ್ಷದ ಹಿಂದೆ, ಹೋದ ವರ್ಷ. ಕೊನೆಯ ಎರಡು ಸಲ ನನ್ನನ್ನು ತಿರುಗಿ ಕಳಿಸಿದ್ದು ಟೀಚರಮ್ಮ ಅಲ್ಲ. ಮೊದಲನೆಯ ಸಲ ಅವರೇ. ಆಗ ಅವರು ಸರಿಯಾಗೇ ಇದ್ದರು.

ಆ ದಿನ ಗೂಡ್ಸ್ ಆಟೋದಲ್ಲಿ ನುಚ್ಚಿನ ಚೀಲದ ಪಕ್ಕ ನಾನೂ ಹೋದೆ.

ಮನೆ ಹಳೆಯ ಬೀದಿಯಲ್ಲಿ, ಕಪಿಲೆಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಿದ್ದರು. ಹೊಳೆ ಕಾಣದಿದ್ದರೂ ಸದ್ದು ಬೀದಿಯವರೆಗೆ ಬರುತ್ತಿತ್ತು. ನೋಡಿಕೊಳ್ಳುವ ಹೆಂಗಸು ಚೀಲ ಹಿಡಿದು ಹೊರಡಲು ತಯಾರಾಗಿ ನಿಂತಿದ್ದಳು. ಯಾವ ಹೊತ್ತಿಗೆ ಏನು ಕೊಡಬೇಕು ಎಂದು ಗಡಿಬಿಡಿಯಲ್ಲಿ ಹೇಳಿ ಹೋದಳು. ನಾನು ಒಳಗಿನ ಕೋಣೆಯ ಚಿಲಕ ತೆಗೆದೆ.

ಕೂದಲನ್ನು ಗಿಡ್ಡಕ್ಕೆ ಕತ್ತರಿಸಿದ್ದರು. ಅಷ್ಟು ಸಣ್ಣ ತಲೆ ಅವರದು ಎಂದು ನನಗೆ ಗೊತ್ತಿರಲಿಲ್ಲ. ಗೋಡೆಗೆ ಒರಗಿ ಚಾಪೆಯ ಮೇಲೆ ಕೂತು, ತೊಡೆಯ ಮೇಲೆ ಕಾಪಿ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದರು. ನಾನು ನಿಂತೇ ಇದ್ದೆ.

“ಬಾಗಿಲಲ್ಲಿ ನಿಲ್ಲಬೇಡ. ಬಂದು ಸಾಲಲ್ಲಿ ಕೂತ್ಕೋ.”

ಸಾಲು ಇರಲಿಲ್ಲ. ಅವರ ಎದುರು ಕೂತೆ. ಅವರು ನನ್ನ ಮುಖವನ್ನು ನೋಡಿದರು, ಚೆನ್ನಾಗಿಯೇ ನೋಡಿದರು. ನನಗೆ ಬೇಕಾಗಿದ್ದ ನೋಟ ಅದೇ. ಅದರಲ್ಲಿ ಸಿಟ್ಟೂ ಇರಲಿಲ್ಲ, ಬೇರೆ ಏನೂ ಇರಲಿಲ್ಲ. ಹೊಸ ಹುಡುಗಿಯರನ್ನು ಸೇರಿಸಿಕೊಳ್ಳುವಾಗ ಹಾಗೆ ನೋಡುತ್ತಿದ್ದರು.

“ಯಾವ ಊರು?”

“ಹೆಮ್ಮರಗಾಲ.”

“ಹೆಸರು?”

ನನ್ನ ಹೆಸರು ಹೇಳಿದೆ. ಏಳು ವಾರದಲ್ಲಿ ಅದನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅವರು ಪುಟ ತಿರುಗಿಸಿ, ಬೆರಳು ಇಳಿಸುತ್ತ ಹುಡುಕಿದರು. ಅದು ಹಾಜರಿ ಪುಸ್ತಕ. ಉದ್ದಕ್ಕೂ ಹೆಸರುಗಳು, ಎದುರಿಗೆ ಪೆನ್ಸಿಲ್ಲಿನಲ್ಲಿ ಎಳೆದ ಮನೆಗಳು. ನನಗಿಂತ ಹಿಂದಿನವರು, ನನ್ನ ಜೊತೆಯವರು, ನನಗೆ ಗೊತ್ತಿಲ್ಲದವರು, ಎಲ್ಲ ಒಂದೇ ತರಗತಿಯಲ್ಲಿ. ಬೆರಳು ನಿಂತಿತು.

“ಈ ಹೆಸರಿನವಳು ಇದ್ದಾಳಲ್ಲ.”

“ನಾನೇ ಅವಳು ಟೀಚರ್.”

“ಅವಳು ರಜೆ ಮೇಲೆ ಹೋಗಿದ್ದಾಳೆ,” ಎಂದರು, ತಪ್ಪು ಉತ್ತರ ಕೊಟ್ಟವಳಿಗೆ ಹೇಳುವ ಧ್ವನಿಯಲ್ಲಿ. “ಬರ್ತಾಳೆ. ಅವಳು ಬರೋ ತನಕ ನೀನು ಬೇರೆ ಹೆಸರು ಹೇಳು. ಒಂದೇ ಹೆಸರು ಇಬ್ಬರಿಗೆ ಬರೆದರೆ ಊಟದ ಲೆಕ್ಕ ತಪ್ಪುತ್ತೆ.”

ನನ್ನ ಗೆಳತಿಯ ಹೆಸರು ಹೇಳಿದೆ. ಅದನ್ನು ಕೊನೆಯಲ್ಲಿ ಬರೆದುಕೊಂಡರು. ಅಕ್ಷರ ಮಾತ್ರ ಕೆಟ್ಟಿರಲಿಲ್ಲ.

ಅವರು ಮಲಗಿ ಕಣ್ಣು ಮುಚ್ಚಿದ ಮೇಲೆ ಆ ಪುಸ್ತಕವನ್ನು ತೆಗೆದು ನೋಡಿದೆ. ಹಿಂದಿನ ಪುಸ್ತಕಗಳು ಕಿಟಕಿಯ ಕೆಳಗೆ ಜೋಡಿಸಿದ್ದವು, ಅವನ್ನೂ ನೋಡಿದೆ. ಗೈರುಹಾಜರಾದವರಿಗೆ ಅವರು ಮೊದಲಿನಿಂದಲೂ ಸೊನ್ನೆ ಹಾಕುತ್ತಿದ್ದರು. ರಜೆಗೆ “ರ” ಎಂಬ ಅಕ್ಷರ, ಅದು ಹೇಳಿ ಹೋದವರಿಗೆ ಮಾತ್ರ. ನನ್ನ ಹೆಸರಿನ ಎದುರು ಎಲ್ಲ ಪುಸ್ತಕದಲ್ಲೂ, ಎಲ್ಲ ಮನೆಯಲ್ಲೂ ರ, ರ, ರ. ಒಂದು ಸೊನ್ನೆಯೂ ಇರಲಿಲ್ಲ. ನಾನು ಹೇಳಿ ಹೋಗಿರಲಿಲ್ಲ.

ಮರುದಿನ ಬೆಳಿಗ್ಗೆ ಆರೂವರೆಗೆ ಗೆಳತಿಗೆ ಫೋನು ಮಾಡಿದೆ. ಸೋಮವಾರ ಬಂದು ಕೆಲಸಕ್ಕೆ ನಿಲ್ಲು ಎಂದೆ. ಅವಳು ನಿದ್ದೆಗಣ್ಣಿನಲ್ಲಿ, “ನನ್ನ ಹೆಸರು ಕೆಡಿಸಿಲ್ಲ ತಾನೆ?” ಎಂದು ಕೇಳಿದಳು. ಇಲ್ಲ, ಒಂದು ಕಡೆ ಹೆಚ್ಚಿಗೆ ಬರೆಸಿದ್ದೇನೆ, ಬಂದ ಮೇಲೆ ಹೇಳುತ್ತೇನೆ ಎಂದೆ. ಆಮೇಲೆ ಮ್ಯಾನೇಜರಿಗೆ ಮಾಡಿ, ನಾನು ಯಾರು, ಯಾರ ಹೆಸರಿನಲ್ಲಿ ಬಂದೆ, ಯಾಕೆ ಬಂದೆ, ಆ ಹೆಸರಿನವಳೇ ನಾಳೆ ಕೆಲಸಕ್ಕೆ ಬರುತ್ತಾಳೆ ಎಂದು ಹೇಳಿದೆ. ಹೊರಗೆ ಯಾರಿಗೂ ಹೇಳುವುದಿಲ್ಲ ಎಂದೂ ಹೇಳಿದೆ. ಆದರೆ ಇನ್ನು ಮುಂದೆ ಹಳೆಯ ಹುಡುಗಿಯರು ಗೇಟಿಗೆ ಬಂದರೆ ಹಿಂದೆ ಕಳಿಸಬೇಡಿ, ಇಲ್ಲಿಗೆ ಕಳಿಸಿ, ಅವರ ಹೆಸರೆಲ್ಲ ಇಲ್ಲಿವೆ ಎಂದೆ. ನೋಡಿದವರು ಯಾರೂ ಊರಲ್ಲಿ ಹೇಳಿಕೊಂಡು ತಿರುಗುವುದಿಲ್ಲ, ಅದು ನನಗೆ ಗೊತ್ತು ಎಂದೆ. ಗೊತ್ತಿತ್ತೋ ಇಲ್ಲವೋ, ಹಾಗೆ ಹೇಳಿದೆ.  ಅವರು, “ಅತ್ತೆ ರಾತ್ರಿ ಊಟ ಮಾಡಿದ್ರಾ?” ಎಂದು ಕೇಳಿದರು. ಮಾಡಿದರು ಎಂದೆ. “ನಾಳೆ ಬರೋಳಿಗೆ ಪಾವು ಹಿಡಿಯೋದ್ನ ನೀನೇ ಹೇಳ್ಕೊಟ್ಟು ಹೋಗು,” ಎಂದು ಫೋನು ಇಟ್ಟರು.

ನೀರು ಕಾಯಿಸಿ ಸ್ನಾನ ಮಾಡಿಸಿದೆ. ಗಂಜಿ ಕುಡಿಸಿದೆ. ಮುಖ ಆ ಕಡೆ ತಿರುಗಿಸಿದರು, ಆದರೂ ಕುಡಿದರು. ಒದ್ದೆ ಬಟ್ಟೆಗಳನ್ನು ಹಿತ್ತಲಿನಲ್ಲಿ ಹರವಿ ಬರುವಷ್ಟರಲ್ಲಿ ಚಾಪೆಯ ಮೇಲೆ ನೆಟ್ಟಗೆ ಕೂತು ಪುಸ್ತಕ ತೆರೆದಿದ್ದರು. ನಾನು ಎದುರು ಕೂತೆ. ಒಂದೊಂದೇ ಹೆಸರು ಕೂಗಿ, ಸ್ವಲ್ಪ ಕಾದು, ಗುರುತು ಹಾಕುತ್ತ ಹೋದರು. ನನ್ನ ಹೆಸರು ಬಂತು. ಕೂಗಿ, ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ. ಅವರು ಬರೆದುಕೊಂಡರು. ಇನ್ನು ಹತ್ತು ಹೆಸರಾಗುವಷ್ಟರಲ್ಲಿ ಕಣ್ಣು ದಣಿದು, ಮುಂದಿನದನ್ನು ನೀನು ಓದು ಎಂದು ಪುಸ್ತಕ ನನ್ನ ಕಡೆ ಚಾಚಿದರು. ನಾನು ತೆಗೆದುಕೊಂಡು, ಅವರು ಬೆರಳು ಇಟ್ಟಿದ್ದ ಸಾಲಿನಿಂದ ಗಟ್ಟಿಯಾಗಿ ಓದತೊಡಗಿದೆ.